ನೆಟ್ ಸಾಗರ ವಿಜ್ಞಾನ: ನೋಟ್ಸ್ ಬದಿಗಿಡಿ, ಆಳದ ಗೆರೆ ಎಳೆಯಿರಿ

ಪ್ರಶ್ನೆ: ಸರ್, ನಾನು ಕುಮಟಾ ಹತ್ತಿರದ ಊರಿನವಳು. ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಸಿಎಸ್‌ಐಆರ್ ನೆಟ್‌ನಲ್ಲಿ (ಸಂಶೋಧನಾ ಫೆಲೋಶಿಪ್, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ) ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನದ ಪತ್ರಿಕೆ ಒಮ್ಮೆ ಬರೆದೆ, ಆಗಲಿಲ್ಲ. ಮೀನು, ಪ್ಲವಕ (ಪ್ಲಾಂಕ್ಟನ್) ಎಲ್ಲ ಗೊತ್ತು. ಆದರೆ ಅಲೆ, ಕರೆಂಟು, ಎಕ್ಮನ್, ಕೊರಿಯೊಲಿಸ್ ಅಂದ ಕೂಡಲೇ ಕೈಕಾಲು ಆಡುವುದಿಲ್ಲ. ಪಿಯುಸಿ ಆದ ಮೇಲೆ ಮ್ಯಾಥ್ಸ್ ಮುಟ್ಟಿಲ್ಲ. ನೋಟ್ಸ್ ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಏನೂ ಹೊಳೆಯಲಿಲ್ಲ. ಮನೆಪಾಠ ಹೇಳಿಕೊಂಡು ಓದುತ್ತಿದ್ದೇನೆ. ದಿನಕ್ಕೆ ಮೂರು ಗಂಟೆ ಸಿಗುತ್ತದೆ, ಐದು ತಿಂಗಳಿದೆ. ಲೈಫ್ ಸೈನ್ಸ್ ಪತ್ರಿಕೆಗೆ ಹೋಗಲಾ? ಕೋಚಿಂಗ್ ಸೇರಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಣ್ಣ ಪ್ರಶ್ನೆ ಮೊದಲು ಮುಗಿಸೋಣ. ಲೈಫ್ ಸೈನ್ಸಿಗೆ ಹಾರಬೇಡಿ. ಅಲ್ಲಿ ಹದಿಮೂರು ಘಟಕಗಳಿವೆ. ಜೀವಕೋಶ, ಡಿಎನ್‌ಎ, ತಳಿಶಾಸ್ತ್ರ, ಇಮ್ಯುನಾಲಜಿ ಅಂತ ಸಾಲುಗಟ್ಟಿ ನಿಂತಿವೆ. ಸಮುದ್ರ ಅಲ್ಲಿ ಇಕಾಲಜಿಯ ಮೂಲೆಯಲ್ಲಿ ಒಂದು ಹನಿ ಅಷ್ಟೇ. ನೀವು ಹೆದರುವ ಫಿಸಿಕ್ಸ್ ತಪ್ಪಿಸಿಕೊಳ್ಳಲು ಹೋಗಿ ಇನ್ನೂ ದೊಡ್ಡ ಹೊರೆ ಹೊತ್ತುಕೊಳ್ಳುತ್ತೀರಿ. ಇಲ್ಲೇ ಇರಿ.

ಬಾಯಿಪಾಠ ಯಾಕೆ ಕೈಕೊಟ್ಟಿತು ಅಂತ ನನಗೆ ಚೆನ್ನಾಗಿ ಗೊತ್ತು, ನನಗೂ ಕೊಟ್ಟಿತ್ತು. ನಾನು ಮೊದಲ ಸಲ ಇಂಥದ್ದೇ ಒಂದು ಪರೀಕ್ಷೆಗೆ ಹೋದಾಗ ‘ಆಳಕ್ಕೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ’ ಅಂತ ಗಿಳಿಪಾಠ ಒಪ್ಪಿಸಲು ತಯಾರಾಗಿ ಕೂತಿದ್ದೆ. ಪ್ರಶ್ನೆ ಬಂದದ್ದು ಬೇರೆ. ಸಾವಿರ ಮೀಟರ್ ದಾಟಿದ ಮೇಲೆ ಆಮ್ಲಜನಕ ಮತ್ತೆ ಯಾಕೆ ಏರುತ್ತದೆ? ಏರುತ್ತದೆ ಅನ್ನೋದೇ ನನಗೆ ಹೊಸ ಸುದ್ದಿ. ಉತ್ತರ ಕಷ್ಟದ್ದೇನಲ್ಲ. ಆಳದ ನೀರು ಧ್ರುವಗಳ ಕಡೆ ಮೇಲ್ಮೈಯಲ್ಲಿದ್ದು, ತಣ್ಣಗಾಗಿ ಮುಳುಗಿ ಬಂದದ್ದು. ಬರುವಾಗ ಆಮ್ಲಜನಕ ಕಟ್ಟಿಕೊಂಡೇ ಬಂದಿದೆ. ಅಷ್ಟು ಆಳಕ್ಕೆ ಮೇಲಿನಿಂದ ಬೀಳುವ ಆಹಾರ ಕಡಿಮೆ, ಹಾಗಾಗಿ ಆಮ್ಲಜನಕ ಖರ್ಚು ಮಾಡುವವರೂ ಕಡಿಮೆ. ನಡುವಿನ ಪದರದಲ್ಲಿ ಮಾತ್ರ ಕೊಳೆಯುವ ಕೆಲಸ ಜೋರು, ಅಲ್ಲಿಗೆ ಹೊಸ ಗಾಳಿ ತಲುಪುವುದಿಲ್ಲ. ಈ ಗೆರೆಯನ್ನು ಒಂದು ಸಲ ಕೈಯಾರೆ ಎಳೆದಿದ್ದರೆ, ಅದು ಕೆಳಗೆ ಯಾಕೆ ತಿರುಗುತ್ತದೆ ಅಂತ ನಾನೇ ಕೇಳಿಕೊಳ್ಳುತ್ತಿದ್ದೆ.

ಅದಕ್ಕೇ ನನ್ನ ಸಲಹೆ ಒಂದೇ. ಸಮುದ್ರವನ್ನು ಆಳದ ಗೆರೆಯಾಗಿ ಓದಿ. ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಸೊನ್ನೆ ಮೀಟರ್, ಕೆಳಗೆ 4000. ಪಕ್ಕಪಕ್ಕ ಐದು ಗೆರೆ: ಉಷ್ಣತೆ, ಲವಣಾಂಶ, ಆಮ್ಲಜನಕ, ನೈಟ್ರೇಟ್, ಶಬ್ದದ ವೇಗ. ಶಬ್ದದ ಗೆರೆ ಮೊದಲು ಕೆಳಗಿಳಿಯುತ್ತದೆ, ಯಾಕೆಂದರೆ ನೀರು ತಣ್ಣಗಾಗುತ್ತಿದೆ. ಆಮೇಲೆ ಏರುತ್ತದೆ, ಯಾಕೆಂದರೆ ಒತ್ತಡ ಗೆದ್ದಿತು. ನಡುವೆ, ಸಾಮಾನ್ಯವಾಗಿ 1000 ಮೀಟರಿನ ಆಸುಪಾಸಿನಲ್ಲಿ, ಅದು ಅತಿ ಕಡಿಮೆ ಇರುವ ಜಾಗವೇ ಸೋಫಾರ್ ಚಾನೆಲ್, ಶಬ್ದ ಬಹು ದೂರ ಸಾಗುವ ಪದರ. ಪ್ರತಿ ತಿರುವಿಗೂ ಒಂದು ‘ಯಾಕೆ’ ಬರೆಯಿರಿ. ಬೆಳಿಗ್ಗೆ ಚಹಾ ಮುಗಿಯುವುದರೊಳಗೆ ಈ ಐದು ಗೆರೆ ನೋಡದೆ ಎಳೆಯಲು ಬರಬೇಕು. ಮೊದಲ ಎರಡು ವಾರ ಇಷ್ಟೇ ಸಾಕು. ತೀರಾ ಕಡಿಮೆ ಅನ್ನಿಸುತ್ತದೆ, ಅನ್ನಿಸಲಿ.

ಆಮೇಲೆ ಅದೇ ಹಾಳೆಯನ್ನು ನಮ್ಮ ಕಡಲಿಗೆ ತನ್ನಿ. ಆಗಸ್ಟ್ ತಿಂಗಳು, ಕಾರವಾರ ಅಥವಾ ಕುಮಟಾದ ಎದುರಿನ ಸಮುದ್ರ ಅಂತ ಇಟ್ಟುಕೊಳ್ಳೋಣ. ಮಳೆ ಮತ್ತು ಹೊಳೆಗಳ ಸಿಹಿ ನೀರು ಮೇಲೆ ತೆಳ್ಳಗೆ, ಕೆಲವೇ ಮೀಟರ್ ದಪ್ಪಕ್ಕೆ, ಹಾಲಿನ ಕೆನೆಯ ಹಾಗೆ ಕೂತಿದೆ. ಅದರ ಕೆಳಗೆ ತಣ್ಣನೆಯ, ಉಪ್ಪು ಜಾಸ್ತಿ ಇರುವ, ಆಮ್ಲಜನಕ ಕಡಿಮೆ ಇರುವ, ಪೋಷಕಾಂಶ ತುಂಬಿದ ನೀರು ತಳದಿಂದ ದಡದ ಕಡೆ ಏರಿ ಬಂದಿದೆ. ಇದೇ ಅಪ್‌ವೆಲ್ಲಿಂಗ್. ಈಗ ಗೆರೆಗಳನ್ನು ಎಳೆಯಿರಿ. ಥರ್ಮೋಕ್ಲೈನ್, ಅಂದರೆ ಉಷ್ಣತೆ ಥಟ್ಟನೆ ಇಳಿಯುವ ಪದರ, ಎಲ್ಲಿ ಬಂತು? ಬಹುತೇಕ ಮೇಲ್ಮೈಗೇ ಬಂತು, ಅಲ್ವಾ. ಡಯಾಟಮ್‌ಗಳು (ಸೂಕ್ಷ್ಮ ಪಾಚಿಗಳು) ಯಾಕೆ ಉಕ್ಕುತ್ತವೆ, ತಾರ್ಲೆ ಮೀನು ಯಾಕೆ ದಡಕ್ಕೆ ಬರುತ್ತದೆ, ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಮೀನಿಗೆ ಉಸಿರು ಯಾಕೆ ಕಟ್ಟುತ್ತದೆ, ಎಲ್ಲವೂ ಆ ಒಂದು ಚಿತ್ರದಲ್ಲೇ ಇದೆ. ನಿಮಗೆ ಗೊತ್ತಿರುವ ಜೀವಶಾಸ್ತ್ರ ಇಲ್ಲಿ ಫಿಸಿಕ್ಸಿನ ಬಾಗಿಲು ತೆರೆಯುತ್ತದೆ.

ಇಲ್ಲೇ ಒಂದು ಗುಂಡಿ ಇದೆ, ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಅದರಲ್ಲಿ ಬಿದ್ದಿದ್ದಾರೆ. ‘ನೈರುತ್ಯ ಮಾನ್ಸೂನ್ ಗಾಳಿ ಬೀಸುತ್ತದೆ, ಎಕ್ಮನ್ ಸಾಗಣೆ ಗಾಳಿಯ ಬಲಕ್ಕೆ, ಆದ್ದರಿಂದ ಅಪ್‌ವೆಲ್ಲಿಂಗ್’ ಅಂತ ಬರೆದುಬಿಡುತ್ತಾರೆ. ಎಕ್ಮನ್ ಸಾಗಣೆ ಅಂದರೆ ಗಾಳಿ ತಳ್ಳಿದ ಮೇಲ್ಪದರದ ನೀರು, ಭೂಮಿ ತಿರುಗುವುದರಿಂದ, ನಮ್ಮ ಉತ್ತರಾರ್ಧದಲ್ಲಿ ಗಾಳಿಯ ಬಲಕ್ಕೆ ಸಾಗುವುದು. ಸೊಮಾಲಿಯಾದ ದಡಕ್ಕೆ ಇದು ಸರಿ. ಅಲ್ಲಿ ಗಾಳಿ ದಡದ ಉದ್ದಕ್ಕೆ ಈಶಾನ್ಯದ ಕಡೆ ಹೋಗುತ್ತದೆ. ದಡ ಎಡಗಡೆ, ಸಮುದ್ರ ಬಲಗಡೆ. ಬಲಕ್ಕೆ ನೀರು ಹೋದರೆ ದಡ ಬಿಟ್ಟು ಹೋದ ಹಾಗೆ, ಕೆಳಗಿನ ನೀರು ಮೇಲೆ ಬರಲೇಬೇಕು. ಅದೇ ಲೆಕ್ಕವನ್ನು ನಮ್ಮ ದಡಕ್ಕೆ ಹಾಕಿ ನೋಡಿ. ನೈರುತ್ಯದಿಂದ ಬಂದ ಗಾಳಿಯ ಬಲಗಡೆ ಇರುವುದು ನಮ್ಮ ಊರು! ನೀರು ದಡಕ್ಕೇ ಒತ್ತಬೇಕಿತ್ತು. ಹಾಗಾದರೆ ಏನು ನಡೆಯುತ್ತಿದೆ? ಕರ್ನಾಟಕದ ದಡದ ಹತ್ತಿರ ಬರುವಷ್ಟರಲ್ಲಿ ಗಾಳಿ ತಿರುಗಿ ಪಶ್ಚಿಮ, ವಾಯವ್ಯದ ಕಡೆಯಿಂದ ಬೀಸುತ್ತದೆ. ಅದರ ಒಂದು ಭಾಗ ದಡದ ಉದ್ದಕ್ಕೆ ದಕ್ಷಿಣಕ್ಕೆ ತಳ್ಳುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ, ನಿಮ್ಮ ಬಲಗೈ ಸಮುದ್ರದ ಕಡೆ ಇರುತ್ತದೆ. ಇದರ ಜೊತೆಗೆ ದಕ್ಷಿಣದಿಂದ ದಡ ಹಿಡಿದು ಬರುವ, ಕೆಲ್ವಿನ್ ಅಲೆ ಎಂಬ ಉದ್ದನೆಯ ನಿಧಾನ ಅಲೆಗಳದ್ದೂ ಪಾಲಿದೆ. ಇದನ್ನು ಪುಸ್ತಕ ನೋಡಿ ಕಲಿಯಬೇಡಿ. ಅಂಗಳದಲ್ಲಿ ನಿಂತು, ತಿರುಗಿ, ಕೈ ಚಾಚಿ ಕಲಿಯಿರಿ. ಅಕ್ಕಪಕ್ಕದವರು ನೋಡಿ ನಕ್ಕರೆ ನಗಲಿ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದರಿಂದ ಹೋಗುವ ಅಂಕ ಚಿಕ್ಕದಲ್ಲ. ಗಾಳಿಗೆ ಅದು ಬರುವ ದಿಕ್ಕಿನ ಹೆಸರು, ಕರೆಂಟಿಗೆ ಅದು ಹೋಗುವ ದಿಕ್ಕಿನ ಹೆಸರು. ಪಶ್ಚಿಮದ ಗಾಳಿ ಪೂರ್ವಕ್ಕೆ ಹೋಗುತ್ತದೆ, ಪಶ್ಚಿಮದ ಕರೆಂಟು ಪಶ್ಚಿಮಕ್ಕೇ ಹೋಗುತ್ತದೆ. ಪ್ರಶ್ನೆ ಮಾಡುವವರಿಗೆ ಇದು ಬಹಳ ಇಷ್ಟ.

ಮ್ಯಾಥ್ಸ್ ವಿಷಯಕ್ಕೆ ಬರೋಣ. ಭಯ ಎಷ್ಟಿದೆಯೋ ಅಷ್ಟು ಲೆಕ್ಕ ಅಲ್ಲಿಲ್ಲ. ವರ್ಗಮೂಲ, ಸೈನ್, ಲಾಗ್, ಯೂನಿಟ್ ಬದಲಾಯಿಸುವುದು, ಇಷ್ಟು ಕೈಗೆ ಹತ್ತಿದರೆ ಸಾಗರ ಭಾಗದ ಬಹಳಷ್ಟು ಲೆಕ್ಕ ಮುಗಿಯುತ್ತದೆ. ಡಿಫರೆನ್ಷಿಯಲ್ ಸಮೀಕರಣ ಬಿಡಿಸುವುದಕ್ಕಿಂತ, ಅದರಲ್ಲಿ ಯಾವ ಪದ ಯಾವ ಬಲ ಅಂತ ಗುರುತಿಸುವುದು ಮುಖ್ಯ.

ಮುಂದಿನ ಭಾನುವಾರ ಗೋಕರ್ಣದ ಓಂ ಬೀಚಿಗೆ ಹೋಗಿ. ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಬಂಡೆಯೊಂದನ್ನು ಗುರುತು ಹಾಕಿಕೊಂಡು, ಅದನ್ನು ಹನ್ನೊಂದು ಅಲೆಯ ತುದಿ ದಾಟುವ ತನಕ ಎಣಿಸಿ. ಮೊದಲ ತುದಿಯಿಂದ ಹನ್ನೊಂದನೆಯ ತುದಿಗೆ 100 ಸೆಕೆಂಡ್ ಆಯಿತು ಅನ್ನಿ. ಹತ್ತು ಅಲೆ, ಒಂದಕ್ಕೆ 10 ಸೆಕೆಂಡ್. ಆಳ ಸಮುದ್ರದಲ್ಲಿ ಅಲೆಯ ವೇಗ ಅಂದರೆ ಆ ಸೆಕೆಂಡಿನ 1.56 ಪಟ್ಟು, ಅಂದರೆ ಸೆಕೆಂಡಿಗೆ 15.6 ಮೀಟರ್. ತುದಿಯಿಂದ ತುದಿಗೆ ಉದ್ದ 156 ಮೀಟರ್. ಆಳ ಇದರ ಅರ್ಧಕ್ಕಿಂತ, ಅಂದರೆ 78 ಮೀಟರಿಗಿಂತ, ಕಡಿಮೆ ಆದ ಕೂಡಲೇ ಅಲೆಯ ಕಾಲಿಗೆ ತಳ ತಾಕಲು ಶುರು. ಇಪ್ಪತ್ತನೇ ಒಂದು ಭಾಗಕ್ಕಿಂತ, ಸುಮಾರು 8 ಮೀಟರಿಗಿಂತ, ಕಡಿಮೆ ಆದರೆ ಅದು ಪೂರ್ತಿ ಆಳವಿಲ್ಲದ ನೀರಿನ ಅಲೆ. ಅಲ್ಲಿಂದ ವೇಗ ನಿರ್ಧರಿಸುವುದು ಆಳ ಮಾತ್ರ: ಗುರುತ್ವವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ವೇಗ ಕಡಿಮೆ ಆಗುತ್ತದೆ, ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ. ಬದಲಾಗದೆ ಉಳಿಯುವುದು ಆ 10 ಸೆಕೆಂಡ್ ಮಾತ್ರ. ಇದನ್ನೇ ಸುತ್ತಿಬಳಸಿ ಕೇಳುತ್ತಾರೆ.

ಅಲ್ಲಿಂದ ಏಳುವ ಮೊದಲು ದಡದ ಆಕಾರ ನೋಡಿ. ಚಾಚಿಕೊಂಡ ಬಂಡೆಯ ತುದಿಗೆ ಅಲೆ ಬಡಿಯುತ್ತದೆ, ಒಳಗಿನ ಎರಡು ಬಾಗಿನಲ್ಲಿ ಮರಳು ಸುಮ್ನೆ ಮಲಗಿರುತ್ತದೆ. ಅಲೆಯ ಒಂದು ಭಾಗ ಮೊದಲು ತಳ ತಾಕಿ ನಿಧಾನವಾಗುತ್ತದೆ, ಉಳಿದ ಭಾಗ ಅದರತ್ತ ಬಾಗುತ್ತದೆ. ಶಕ್ತಿ ತುದಿಯಲ್ಲಿ ಕೂಡುತ್ತದೆ, ಕೊಲ್ಲಿಯಲ್ಲಿ ಹರಡುತ್ತದೆ. ರಿಫ್ರಾಕ್ಷನ್ ಪಾಠ ಮುಗಿಯಿತು. ಅದೇ ವರ್ಗಮೂಲದಲ್ಲಿ ಆಳಕ್ಕೆ 4000 ಮೀಟರ್ ಹಾಕಿ ನೋಡಿ. ಸೆಕೆಂಡಿಗೆ 198 ಮೀಟರ್, ಗಂಟೆಗೆ 700 ಕಿ.ಮೀ. ಮೇಲೆ. ಅದು ಸುನಾಮಿಯ ವೇಗ. ನಾಲ್ಕು ಕಿಲೋಮೀಟರ್ ಆಳ ಇದ್ದರೂ ಸುನಾಮಿಗೆ ಅದು ‘ಆಳವಿಲ್ಲದ ನೀರು’, ಯಾಕೆಂದರೆ ಅದರ ಉದ್ದ ನೂರಾರು ಕಿಲೋಮೀಟರ್.

ಕೊರಿಯೊಲಿಸ್‌ಗೂ (ಭೂಮಿ ತಿರುಗುವುದರಿಂದ ಹರಿವು ಪಕ್ಕಕ್ಕೆ ಬಾಗುವುದು) ಹೀಗೇ ಒಂದು ಊರಿನ ಲೆಕ್ಕ ಇಟ್ಟುಕೊಳ್ಳಿ. ಕಾರವಾರ ಇರುವುದು 14.8 ಡಿಗ್ರಿ ಉತ್ತರದಲ್ಲಿ. ಅದರ ಸೈನ್ ಸುಮಾರು 0.255. ಭೂಮಿ ತಿರುಗುವ ವೇಗದ ಎರಡು ಪಟ್ಟಿಗೆ ಇದನ್ನು ಗುಣಿಸಿದರೆ ಸೆಕೆಂಡಿಗೆ 0.000037. ಇದೇ ಕೊರಿಯೊಲಿಸ್ ಸಂಖ್ಯೆ. ಈಗ 100 ಕಿ.ಮೀ. ದೂರದಲ್ಲಿ ಸಮುದ್ರದ ಮೇಲ್ಮೈ ಬರೀ 10 ಸೆಂ.ಮೀ. ಎತ್ತರ ಇದೆ ಅನ್ನಿ. ಇಳಿಜಾರು ಹತ್ತು ಲಕ್ಷಕ್ಕೆ ಒಂದು. ಗುರುತ್ವ 9.8ನ್ನು ಇಳಿಜಾರಿನಿಂದ ಗುಣಿಸಿ, ಕೊರಿಯೊಲಿಸ್ ಸಂಖ್ಯೆಯಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 26 ಸೆಂ.ಮೀ. ಕರೆಂಟು. ಹತ್ತು ಸೆಂಟಿಮೀಟರ್ ಅಂದರೆ ಒಂದು ಗೇಣೂ ಇಲ್ಲ! ಅದೇ ಇಳಿಜಾರು 45 ಡಿಗ್ರಿಯಲ್ಲಿದ್ದರೆ 10 ಸೆಂ.ಮೀ.ಗೂ ಕಡಿಮೆ. ಸಮಭಾಜಕದ ಹತ್ತಿರ ಹೋದಂತೆ ಯಾಕೆ ಜಾಸ್ತಿ, ಸಮಭಾಜಕದ ಮೇಲೆ ಈ ಲೆಕ್ಕ ಯಾಕೆ ನಿಲ್ಲುವುದಿಲ್ಲ, ಇವೆರಡನ್ನೂ ನೀವೇ ಹೇಳುತ್ತೀರಿ.

ಉಬ್ಬರವಿಳಿತಕ್ಕೆ ನಿಮಗೆ ಮೇಷ್ಟ್ರೇ ಬೇಡ. ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವ ಹೆಂಗಸರನ್ನು ಕೇಳಿ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ನೀರು ದೂರ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಅಷ್ಟಾಗಿ ಇಳಿಯುವುದಿಲ್ಲ. ಇದನ್ನೇ ಪುಸ್ತಕ 12 ಗಂಟೆ 25 ನಿಮಿಷದ ಚಂದ್ರನ ಉಬ್ಬರ, ಸ್ಪ್ರಿಂಗ್ ಟೈಡ್, ನೀಪ್ ಟೈಡ್ ಅನ್ನುತ್ತದೆ. ಅದೇ ಅಳಿವೆಯ ಲವಣಾಂಶವನ್ನು ಜುಲೈಗೆ ಒಂದು, ಏಪ್ರಿಲ್‌ಗೆ ಒಂದು ಅಂತ ಬರೆದು ನೋಡಿ. ಎಸ್ಚುರಿ ಅಧ್ಯಾಯ ಅರ್ಧ ದಿನದಲ್ಲಿ ಮುಗಿಯುತ್ತದೆ.

ರಸಾಯನಶಾಸ್ತ್ರದಲ್ಲಿ ರೆಡ್‌ಫೀಲ್ಡ್ ಅನುಪಾತ 106:16:1 (ಪ್ಲವಕದಲ್ಲಿ ಇಂಗಾಲ, ಸಾರಜನಕ, ರಂಜಕ ಇರುವ ಪ್ರಮಾಣ) ಎಲ್ಲರಿಗೂ ಬಾಯಲ್ಲಿದೆ. ಅರಬ್ಬೀ ಸಮುದ್ರದ ನಡುವಿನ ಪದರದಲ್ಲಿ ಆ 16 ಯಾಕೆ ಕಡಿಮೆ ಕಾಣುತ್ತದೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಸುಮಾರು 150ರಿಂದ 1000 ಮೀಟರ್ ತನಕ ಅಲ್ಲಿ ಆಮ್ಲಜನಕ ಬಹಳ ಕಡಿಮೆ. ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟ್ ಬಳಸುತ್ತವೆ, ಸಾರಜನಕ ಅನಿಲವಾಗಿ ಹೋಗುತ್ತದೆ, ರಂಜಕ ಉಳಿಯುತ್ತದೆ. ಇಂಥ ‘ನಿಯಮ ಎಲ್ಲಿ ಮುರಿಯುತ್ತದೆ’ ಅನ್ನುವ ಪ್ರಶ್ನೆಗಳನ್ನೇ ನಾನಾದರೆ ಹೆಚ್ಚು ಅಭ್ಯಾಸ ಮಾಡಿಸುತ್ತೇನೆ. ಜೀವಶಾಸ್ತ್ರದ ಭಾಗಕ್ಕೆ ಹೆಚ್ಚು ಸಮಯ ಕೊಡಬೇಡಿ. ಗೊತ್ತಿದ್ದದ್ದನ್ನೇ ಓದಿ ಖುಷಿಪಡುವುದು ಪರೀಕ್ಷೆಗೆ ಓದುವವರ ದೊಡ್ಡ ಚಟ.

ಟಿ-ಎಸ್ ಚಿತ್ರಕ್ಕೆ, ಅಂದರೆ ಉಷ್ಣತೆ ಮತ್ತು ಲವಣಾಂಶವನ್ನು ಒಂದಕ್ಕೊಂದು ಹೋಲಿಸಿ ಎಳೆಯುವ ಗ್ರಾಫಿಗೆ, ಮಾತ್ರ ಮೂರು ದಿನ ಪೂರ್ತಿ ಕೊಡಿ. ಸಾಗರ ಮಾಹಿತಿ ಒದಗಿಸುವ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ಜಾಲತಾಣದಲ್ಲಿ ಆರ್ಗೋ ಫ್ಲೋಟ್‌ಗಳ ಮಾಹಿತಿ ಉಚಿತವಾಗಿ ಸಿಗುತ್ತದೆ. ಇವು ಸಮುದ್ರದಲ್ಲಿ ತೇಲಿಬಿಟ್ಟ ಯಂತ್ರಗಳು. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತಾ ಉಷ್ಣತೆ, ಲವಣಾಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಅರಬ್ಬೀ ಸಮುದ್ರದ ಒಂದು, ಬಂಗಾಳ ಕೊಲ್ಲಿಯ ಒಂದು ಇಳಿಸಿಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಕೈಯಾರೆ ಚುಕ್ಕೆ ಇಡಿ. ಅರಬ್ಬೀ ಸಮುದ್ರದ ಗೆರೆಯಲ್ಲಿ ಮೇಲ್ಗಡೆ ಉಪ್ಪಿನ ಉಬ್ಬು ಕಾಣುತ್ತದೆ. ಅದರ ಕೆಳಗೆ ಪರ್ಷಿಯನ್ ಕೊಲ್ಲಿಯ ನೀರು, ಇನ್ನೂ ಕೆಳಗೆ ಕೆಂಪು ಸಮುದ್ರದ ನೀರು ಸಣ್ಣ ಗುರುತು ಬಿಟ್ಟಿರಬಹುದು. ಬಂಗಾಳ ಕೊಲ್ಲಿಯ ಗೆರೆ ತದ್ವಿರುದ್ಧ. ಮೇಲೆ ಗಂಗಾ, ಬ್ರಹ್ಮಪುತ್ರದ ಸಿಹಿ ನೀರು, ಕೆಳಗೆ ಉಪ್ಪು. ಬ್ಯಾರಿಯರ್ ಲೇಯರ್, ಅಂದರೆ ಮೇಲಿನ ಸಿಹಿ ನೀರಿಗೂ ಕೆಳಗಿನ ತಣ್ಣನೆ ನೀರಿಗೂ ನಡುವಿನ ತಡೆ ಪದರ, ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು.

ಈಗ ಅಂಕದ ಲೆಕ್ಕ. ಒಟ್ಟು 200 ಅಂಕ, ಮೂರು ಗಂಟೆ. ಎ ಭಾಗದಲ್ಲಿ 20ರಲ್ಲಿ 15, ಬಿ ಭಾಗದಲ್ಲಿ 50ರಲ್ಲಿ 35, ಒಂದೊಂದಕ್ಕೂ 2 ಅಂಕ. ಸಿ ಭಾಗದಲ್ಲಿ 80ರಲ್ಲಿ 25, ಒಂದಕ್ಕೆ 4. ಆ 80ರಲ್ಲಿ ಭೂಗರ್ಭಶಾಸ್ತ್ರ, ಭೌತ ಭೂಗೋಳ, ಜಿಯೋಫಿಸಿಕ್ಸ್, ಹವಾಮಾನ, ಸಾಗರ ಅಂತ ಐದು ಮನೆತನ. ಸಮವಾಗಿ ಹಂಚಿದರೂ ಒಬ್ಬರಿಗೆ ಹದಿನಾರೇ. ಬರೀ ಸಾಗರ ನಂಬಿ ಕೂತರೆ 25 ತುಂಬುವುದಿಲ್ಲ. ಕಳೆದ ಸಲ ನಿಮಗೆ ಪೆಟ್ಟು ಬಿದ್ದದ್ದು ಇಲ್ಲೇ ಇರಬೇಕು ಅಂತ ನನ್ನ ಊಹೆ. ಪಕ್ಕದ ಮನೆಯವರ ಸ್ನೇಹ ಬೇಕು. ನಿಮಗೆ ಹತ್ತಿರದವರು ಹವಾಮಾನ ಮತ್ತು ಸಾಗರ ಭೂಗರ್ಭಶಾಸ್ತ್ರ. ಮಾನ್ಸೂನ್, ಎಲ್ ನಿನೊ ಹೇಗೂ ಸಮುದ್ರದ ವಿಷಯವೇ. ಭೂಗರ್ಭವೂ ಅಷ್ಟು ಪರಕೀಯವಲ್ಲ. ಸಮುದ್ರದ ತಳ ಹರಡುತ್ತದೆ ಅಂತ 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ಭೂವಿಜ್ಞಾನಿಗಳು ತಳದ ಬಂಡೆಗಳ ಕಾಂತ ಪಟ್ಟಿಗಳಿಂದ ವಾದಿಸಿದರಲ್ಲ, ಅವರು ನೋಡಿದ್ದು ನಮ್ಮ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ದಿಬ್ಬವನ್ನು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಜಿಯೋಫಿಸಿಕ್ಸ್ ಈ ಸಲಕ್ಕೆ ಬಿಟ್ಟುಬಿಡಿ. ಐದು ತಿಂಗಳಲ್ಲಿ ಎಲ್ಲದಕ್ಕೂ ಕೈ ಹಾಕಿದರೆ ಹತ್ತು ಕಡೆ ಬಾವಿ ತೋಡಿದ ಹಾಗೆ.

ತಪ್ಪಿಗೆ ಅಂಕ ಕಳೆಯುತ್ತಾರೆ. ಎ, ಬಿ ಭಾಗದಲ್ಲಿ ಶೇ. 25, ಸಿ ಭಾಗದಲ್ಲಿ ಶೇ. 33. ಸಿ ಭಾಗದಲ್ಲಿ ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಲಾಭ ಹೆಚ್ಚುಕಡಿಮೆ ಸೊನ್ನೆ. ನಾಲ್ಕರಲ್ಲಿ ಒಂದು ಸಲ 4 ಬರುತ್ತದೆ, ಮೂರು ಸಲ 1.32 ಹೋಗುತ್ತದೆ, ಹೆಚ್ಚುಕಡಿಮೆ ಸಮ. ಆದರೆ ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಪ್ರಶ್ನೆಗೆ ಸರಾಸರಿ 1.3ರಷ್ಟು ಲಾಭ. ಆಗ ಬಿಡಬಾರದು. ಗೆರೆ ಎಳೆಯಲು ಬಂದವರಿಗೆ ಎರಡು ಆಯ್ಕೆ ಹೊಡೆದುಹಾಕುವುದು ಕಷ್ಟವಲ್ಲ. ಹೊಸ ಅಧಿಸೂಚನೆ ಬಂದಾಗ ಈ ಮಾದರಿಯನ್ನು ಒಮ್ಮೆ ಹೋಲಿಸಿ ನೋಡಿಕೊಳ್ಳಿ.

ಎ ಭಾಗವನ್ನು ಯಾರೂ ಓದುವುದಿಲ್ಲ. ಅದು 30 ಅಂಕ! ಅನುಪಾತ, ಗ್ರಾಫ್, ತರ್ಕ ಅಷ್ಟೇ. ನೀವು ಮನೆಪಾಠ ಹೇಳುವ ಮಕ್ಕಳ ಜೊತೆಗೇ ದಿನಕ್ಕೆ ನಾಲ್ಕು ಲೆಕ್ಕ ಮಾಡಿ. ಅವರಿಗೂ ಆಯಿತು, ನಿಮಗೂ ಆಯಿತು.

ಕೋಚಿಂಗ್ ಬೇಡ ಅನ್ನುತ್ತೇನೆ. ಈ ಪತ್ರಿಕೆಗೆ ಅಂತ ನಡೆಯುವ ಕ್ಲಾಸುಗಳಲ್ಲಿ ನಾನು ನೋಡಿದವು ಭೂಗರ್ಭಶಾಸ್ತ್ರದವರಿಗೆ ಮಾಡಿದವು. ಸಾಗರ ಭಾಗ ಕೊನೆಗೆ ಎರಡು ವಾರದಲ್ಲಿ ಓಡಿಸುತ್ತಾರೆ. ಆ ದುಡ್ಡಿನ ಬದಲು ಜಿಯಾಲಜಿ ಓದಿದ ಒಬ್ಬರು, ಫಿಸಿಕ್ಸ್ ಓದಿದ ಒಬ್ಬರನ್ನು ಹುಡುಕಿ. ವಾರಕ್ಕೆ ಎರಡು ಸಲ ಫೋನಿನಲ್ಲಿ ಪಾಠ ಬದಲಾಯಿಸಿಕೊಳ್ಳಿ. ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ ನಿಜ, ಆದರೆ ನೀವು ಕನ್ನಡದಲ್ಲಿ ವಿವರಿಸಿ. ಕನ್ನಡದಲ್ಲಿ ಹೇಳಲು ತಡವರಿಸಿದಿರಿ ಅಂದರೆ ಪದ ಗೊತ್ತಿದೆ, ವಿಷಯ ಗೊತ್ತಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೂರನೇ ತಿಂಗಳಿಂದ ತೆಗೆಯಿರಿ. ಮೊದಲೆರಡು ಪತ್ರಿಕೆ ಗಡಿಯಾರ ನೋಡದೆ ಮಾಡಿ. ತಪ್ಪಾದ ಪ್ರತಿಯೊಂದರ ಮುಂದೆ, ವಿಷಯ ಗೊತ್ತಿರಲಿಲ್ಲವೋ, ದಿಕ್ಕು ತಪ್ಪಿತೋ, ಯೂನಿಟ್ ತಪ್ಪಿತೋ ಅಂತ ಒಂದು ಪದ ಬರೆದಿಡಿ. ನಾನು ತಿದ್ದಿದ ಹಾಳೆಗಳಲ್ಲಿ ದಿಕ್ಕು ಮತ್ತು ಯೂನಿಟ್‌ನದ್ದೇ ದೊಡ್ಡ ಪಾಲು ಇರುತ್ತಿತ್ತು. ಕೊನೆಯ ಆರು ವಾರ ಮಾತ್ರ ಮೂರು ಗಂಟೆ ಕಟ್ಟುನಿಟ್ಟಾಗಿ ಕೂರಿ. ಮಾಮೂಲಿ ಓದು ರಾತ್ರಿಯೇ ಇರಲಿ, ಈ ಅಭ್ಯಾಸ ಪರೀಕ್ಷೆ ನಡೆಯುವ ಹೊತ್ತಿಗೇ ಆಗಲಿ.

ಹಾಲ್‌ನಲ್ಲಿ ಕಂಪ್ಯೂಟರ್ ಪಕ್ಕ ಒರಟು ಹಾಳೆ ಕೊಡುತ್ತಾರೆ. ಗಡಿಯಾರ ಓಡಲು ಶುರುವಾದ ಮೊದಲ ಎರಡು ನಿಮಿಷ ಪ್ರಶ್ನೆ ನೋಡಬೇಡಿ. ಆ ಐದು ಗೆರೆ ಎಳೆಯಿರಿ, ಪಕ್ಕದಲ್ಲಿ ನಮ್ಮ ದಡದ ಒಂದು ಚಿತ್ರ, ಗಾಳಿಗೆ ಒಂದು ಬಾಣ, ನೀರಿಗೆ ಒಂದು ಬಾಣ. ಆಮೇಲೆ ಮೊದಲ ಪ್ರಶ್ನೆ ತೆಗೆಯಿರಿ.